ಪೆದ್ದಪ್ಪನ ಸೋಲಾರ್ ಆಯಸ್ಸು

ಮಟಮಟ ಮಧ್ಯಾಹ್ನದಲ್ಲಿ ಹಿಟ್ಟಿನ ಮಿಷನ್ ಓಡಿಸುವವನು ಟೇಕಲ್ ಸುತ್ತಮುತ್ತ ಪೆದ್ದಪ್ಪನೊಬ್ಬನೇ. ಉಳಿದವರು ಬೆಳಿಗ್ಗೆ ಓಡಿಸುತ್ತಾರೆ, ಇಲ್ಲವೇ ಸಂಜೆ. ಸೂರ್ಯ ನೆತ್ತಿಗೆ ಬಂದು, ಮನುಷ್ಯನ ನೆರಳು ಅವನ ಪಾದದ ಕೆಳಗೆ ಅಡಗಿಕೊಳ್ಳುವ ಹೊತ್ತಿನಲ್ಲಿ ಬೆಟ್ಟದ ಬಂಡೆಗಳ ಸಂದಿಯಿಂದ ಏನೋ ಇಳಿದು ಬರುತ್ತದೆ ಎಂಬುದು ಆ ಕಡೆಯ ಹಳೆಯ ಮಾತು. ಆ ಹೊತ್ತಿಗೆ ಹೆಂಗಸರು ರಾಗಿ ಚೀಲ ಹೊತ್ತು ಹೊರಗೆ ಬರುವುದಿಲ್ಲ, ನಾಯಿಗಳೂ ಬೊಗಳುವುದಿಲ್ಲ. ಇಳಿದು ಬಂದದ್ದನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಆದರೆ ಕಂಡವರನ್ನು ಬಲ್ಲವರು ಮನೆಗೊಬ್ಬರಿದ್ದಾರೆ.

ಅಂಥ ಹೊತ್ತನ್ನು ಪೆದ್ದಪ್ಪ ಆರಿಸಿಕೊಂಡದ್ದು ಧೈರ್ಯದಿಂದಲ್ಲ, ಕರೆಂಟ್ ಬಿಲ್ಲಿನ ಭಯದಿಂದ. ಮನೆಯ ಮೀಟರಿಗೆ ಸರ್ಕಾರದ ಬಿಟ್ಟಿ ಕರೆಂಟು ಇತ್ತು. ಮಿಷನ್ನಿನ ಮೀಟರಿಗೆ ಆ ಭಾಗ್ಯವಿರಲಿಲ್ಲ. ಯೂನಿಟ್ಟಿನ ದರ ಏರುತ್ತಾ ಹೋದಂತೆ ಪೆದ್ದಪ್ಪ ಬೀಸುವ ಕೂಲಿಯನ್ನು ಏರಿಸಲು ನೋಡಿದ. ಪಕ್ಕದ ಮನೆಯ ಆವಲಮ್ಮ ತನ್ನ ರಾಗಿಯನ್ನು ವಾಪಸು ಹೊತ್ತುಕೊಂಡು ಹೋಗಿ, ಅಂಗಳದಲ್ಲಿ ಹಳೆಯ ಬೀಸುವ ಕಲ್ಲನ್ನು ತೊಳೆದು, ಊರಿಗೆಲ್ಲ ಕೇಳುವಂತೆ ಬೀಸತೊಡಗಿದಳು. ಕೂಲಿ ಮತ್ತೆ ಇಳಿಯಿತು.

ಆಗ ಮಾಲೂರಿನಿಂದ ಸೋಲಾರ್ ಹಾಕುವ ಕದಿರೇಶ್ ಬಂದ. ಅವನು ಮಿಷನ್ ಮನೆಯ ತಾರಸಿ ಹತ್ತಿ ನಾಲ್ಕೂ ಕಡೆ ನೋಡಿ, ಇಂಥ ಬಿಸಿಲನ್ನು ಸುಮ್ಮನೆ ಬಿಟ್ಟಿರುವುದು ಪಾಪ ಎಂದ. ಹಗಲಿನಲ್ಲಿ ಪ್ಯಾನಲ್ಲಿನ ಕರೆಂಟಿನಿಂದ ಮಿಷನ್ ಓಡಿಸಿದರೆ ಬೋರ್ಡಿನವರಿಗೆ ಕಟ್ಟುವ ಹಣವೆಲ್ಲ ಉಳಿಯುತ್ತದೆ. ಮಿಕ್ಕದ್ದನ್ನು ಲೈನಿಗೆ ಬಿಟ್ಟರೆ ಅವರು ಕೊಡುವುದು ಕಡಿಮೆ, ಆದ್ದರಿಂದ ಬಿಸಿಲು ಜೋರಿರುವಾಗಲೇ ಬೀಸಬೇಕು ಎಂದು ವಿವರಿಸಿದ. ಹಾಗೆ ಉಳಿಸುತ್ತಾ ಹೋದರೆ ಹಾಕಿದ ದುಡ್ಡು ಎಂಟು ವರ್ಷಕ್ಕೆ ವಾಪಸು. ಅಲ್ಲಿಂದಾಚೆಗೆ ಸೂರ್ಯ ಪುಕ್ಕಟೆ ದುಡಿಯುತ್ತಾನೆ.

ಪೆದ್ದಪ್ಪ ಚೀಟಿ ಎತ್ತಿ ಪ್ಯಾನಲ್ ಹಾಕಿಸಿದ. ಗೋಡೆಗೆ ಪ್ಯಾನಲ್ಲಿನ ಕರೆಂಟು ಎಣಿಸುವ ಒಂದು ಪೆಟ್ಟಿಗೆ ಕೂರಿಸಿದರು. ಬಿಸಿಲೇರಿದಂತೆ ಅದು ಜೇನುಗೂಡಿನ ಹಾಗೆ ಗುಂಯ್‌ಗುಡುತ್ತಿತ್ತು, ಅದರ ಕಣ್ಣಿನಲ್ಲಿ ಹಸಿರು ಅಂಕಿಗಳು ಏರುತ್ತಿದ್ದವು. ಊರೆಲ್ಲ ಬಂದು ನೋಡಿಹೋಯಿತು. ಎಲ್ಲರೂ ಹೋದ ಮೇಲೆ ಪೆದ್ದಪ್ಪನ ಹೆಂಡತಿ ಮುನಿಯಲ್ಲಮ್ಮ ಜರಡಿ ಹಿಡಿದುಕೊಂಡೇ ಒಂದು ಮಾತು ಕೇಳಿದಳು.

"ಎಂಟು ವರ್ಷ ಅಂದ್ರೆ ಆಗ ನಿನಗೆ ಎಷ್ಟಾಗ್ತದೆ?"

"ಎಪ್ಪತ್ನಾಲ್ಕು."

"ಹಂಗಾದ್ರೆ ವಾಪಸ್ ಬಂದ ದುಡ್ಡನ್ನ ಇಸ್ಕೊಳೋಕೆ ಯಾರಿರ್ತಾರೆ?"

ಅವಳು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆ ಮನೆಯ ಗಂಡಸರು ಅರವತ್ತೊಂಬತ್ತನ್ನು ದಾಟಿದ್ದಿಲ್ಲ. ಅಜ್ಜ, ಅಪ್ಪ, ಅಣ್ಣ, ಎಲ್ಲರೂ ಅದೇ ವಯಸ್ಸಿಗೆ. ಎಲ್ಲರೂ ಒಂದು ಮಧ್ಯಾಹ್ನ ಹೊಟ್ಟೆ ತುಂಬ ಮುದ್ದೆ ಉಂಡು, ಚಾಪೆಯ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದವರು ಮತ್ತೆ ಈ ಕಡೆ ತಿರುಗಿರಲಿಲ್ಲ. ಪೆದ್ದಪ್ಪ ಇದನ್ನು ಮರೆತಿರಲಿಲ್ಲ. ಕದಿರೇಶ್ ಎಂಟು ಎಂದಾಗ ಮಾತ್ರ ಹೇಗೋ ಮರೆತುಹೋಗಿತ್ತು.

ಮಾರನೆಯ ದಿನವೇ ಅವನು ಮುಳಬಾಗಿಲಿನ ಬಸ್ಸು ಹಿಡಿದು ಕುರುಡುಮಲೆಗೆ ಹೋದ. ಅಲ್ಲಿಯ ಗಣಪನ ಆಕಾರ ನೋಡಿದವರಿಗೆ ಸಣ್ಣದೇನನ್ನೂ ಕೇಳಲು ಬಾಯಿ ಬರುವುದಿಲ್ಲ. ಪೆದ್ದಪ್ಪ ಸಾಷ್ಟಾಂಗ ಬಿದ್ದು ಬೇಡಿಕೊಂಡ. "ಸ್ವಾಮಿ, ಸೋಲಾರ್‌ಗೆ ಹಾಕಿದ ದುಡ್ಡು ಪೂರ್ತಿ ವಾಪಸ್ ಬರೋ ತನಕ ನನ್ನ ಕರ್ಕೋಬೇಡ. ಬಂದ ಮೇಲೆ ನಿನ್ನಿಷ್ಟ." ತಲೆ ಎತ್ತುವಷ್ಟರಲ್ಲಿ ದೇವರ ಬಲಗಡೆಯಿಂದ ಒಂದು ಹೂವು ಜಾರಿ ಬಿತ್ತು. ಇದಕ್ಕಿಂತ ಹೆಚ್ಚಿನ ಒಪ್ಪಿಗೆ ಮನುಷ್ಯನಿಗೆ ಬೇಕಾಗಿಲ್ಲ.

ಊರಿಗೆ ಬಂದವನು ಇದನ್ನು ಎದೆಯಲ್ಲಿ ಇಟ್ಟುಕೊಂಡಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಅವನು ಸ್ಟೇಷನ್ ಎದುರಿನ ಆಂಜಿಯ ಟೀ ಅಂಗಡಿಯಲ್ಲಿ ಹೇಳಿದ. ಎಂಟು ವರ್ಷ ತನ್ನ ಕೂದಲು ಕೊಂಕುವುದಿಲ್ಲ ಎಂದ. ಬಿಪಿಯ ಮಾತ್ರೆಯನ್ನು ಎಲ್ಲರೆದುರಿಗೆ ಚರಂಡಿಗೆ ಎಸೆದು, ಎರಡನೆಯ ಬೋಂಡಾ ತರಿಸಿದ.

ಜನ ಮೊದಲು ನಕ್ಕರು. ಆಮೇಲೆ ಉಪಯೋಗಿಸಿಕೊಂಡರು. ಕೊಳವೆಬಾವಿಯ ಬಳಿ ಹರಿದ ತಂತಿ ಬಿದ್ದಿದ್ದರೆ ಪೆದ್ದಪ್ಪನನ್ನು ಕರೆಸುತ್ತಿದ್ದರು. ಪಾಳುಬಾವಿಗೆ ಬಿದ್ದ ಮೇಕೆಯನ್ನು ಎತ್ತಲು ಹಗ್ಗ ಕಟ್ಟಿ ಅವನನ್ನೇ ಇಳಿಸಿದರು. ಹಗ್ಗ ಹಳೆಯದು, ಆದರೆ ಹಗ್ಗ ನೋಡುವ ಅಗತ್ಯ ಯಾರಿಗೂ ಕಾಣಲಿಲ್ಲ. ಇಟ್ಟಿಗೆ ಹೊತ್ತ ಲಾರಿಯ ಬ್ರೇಕಿನ ಮೇಲೆ ನಂಬಿಕೆಯಿಲ್ಲದ ಡ್ರೈವರು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೋಲಾರದವರೆಗೂ ಹೋಗಿಬರುತ್ತಿದ್ದ. ಪೆದ್ದಪ್ಪ ಇದನ್ನೆಲ್ಲ ಗೌರವವೆಂದೇ ತಿಳಿದ. ಆದರೆ ದಿನಕಳೆದಂತೆ ಜನ ಅವನ ಹತ್ತಿರ ಸ್ವಲ್ಪ ಮೆಲ್ಲಗೆ ಮಾತಾಡತೊಡಗಿದರು. ಎಳೆಗೂಸು ಎತ್ತಿಕೊಂಡವರು ಅವನು ಎದುರಾದರೆ ಸೆರಗು ಮುಚ್ಚಿ ದಾಟುತ್ತಿದ್ದರು.

ಮುಳಬಾಗಿಲಿನಲ್ಲಿ ಅವನ ಸೋದರತ್ತೆ ದೊಡ್ಡಗಂಗಮ್ಮ ಇವತ್ತೋ ನಾಳೆಯೋ ಎಂಬಂತಿದ್ದಳು. ಅವಳ ಮಕ್ಕಳು ಕಾರು ಕಳಿಸಿ ಪೆದ್ದಪ್ಪನನ್ನು ಕರೆಸಿಕೊಂಡರು. ಸಾವು ಬಾರದವನು ಕೂತಿರುವ ಕೋಣೆಗೆ ಸಾವು ಹೇಗೆ ಬರುತ್ತದೆ ಎಂಬುದು ಅವರ ಲೆಕ್ಕ. ಮಂಚದ ತಲೆದೆಸೆಯಲ್ಲಿ ಕುರ್ಚಿ ಹಾಕಿ ಕೂರಿಸಿ, ಏಳಬಾರದೆಂದು ಕೈ ಮುಗಿದರು. ಹೊರಗೆ ಮಧ್ಯಾಹ್ನದ ಬಿಸಿಲು ಬೀದಿಯನ್ನು ಬರಿದು ಮಾಡಿತ್ತು. ಮುದುಕಿ ಕಣ್ಣು ಬಿಟ್ಟು ಪೆದ್ದಪ್ಪನನ್ನು ನೋಡಿದಳು. ಆಮೇಲೆ ಅವನ ಹೆಗಲಿನಾಚೆಗೆ ನೋಡಿದಳು.

"ಎವರು ನಾಯ್ನಾ, ನೀ ವೆನಕ?" ಎಂದು ತೆಲುಗಿನಲ್ಲಿ ಕೇಳಿ, ಅವನಿಗೆ ತಿಳಿಯಲಿಲ್ಲವೇನೋ ಎಂದು ಕನ್ನಡದಲ್ಲೂ ಕೇಳಿದಳು. "ನಿನ್ನ ಹಿಂದೆ ನಿಂತವ್ನೆ ನೋಡು, ಅವನಿಗೂ ಒಂದು ಕುರ್ಚಿ ಹಾಕ್ಸಪ್ಪ."

ಹಿಂದೆ ಗೋಡೆಯಿತ್ತು. ಪೆದ್ದಪ್ಪ ಅದನ್ನು ತಿರುಗಿ ನೋಡಲಿಲ್ಲ. ನೀರು ಕುಡಿದು ಬರುತ್ತೇನೆಂದು ಎದ್ದುಹೋದ. ಅವನು ಲೋಟ ಕೆಳಗಿಡುವ ಮೊದಲೇ ಒಳಗಿನಿಂದ ಅಳು ಕೇಳಿತು. ದೊಡ್ಡಗಂಗಮ್ಮನ ಮಕ್ಕಳು ಅವನೇ ಕೊಂದ ಹಾಗೆ ಜಗಳವಾಡಿದರು. ವಾಪಸು ಕಾರು ಕಳಿಸಲಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟು ಟೇಕಲ್‌ವರೆಗೂ ಖಾಲಿಯೇ ಇತ್ತು. ಪೆದ್ದಪ್ಪ ಆ ಕಡೆಗೂ ನೋಡಲಿಲ್ಲ.

ಇದಾದ ಕೆಲವು ದಿನಕ್ಕೆ ಕದಿರೇಶ್ ಮಿಠಾಯಿ ಪೊಟ್ಟಣದೊಂದಿಗೆ ಬಂದ. ಮುಖ ಅರಳಿತ್ತು.

"ಅಣ್ಣಾ, ಸಂತೋಷದ ಸುದ್ದಿ. ಕರೆಂಟ್ ರೇಟು ಮತ್ತೆ ಏರಿಸವ್ರೆ."

ಅದರಲ್ಲಿ ಸಂತೋಷವೇನೆಂದು ಪೆದ್ದಪ್ಪ ಕೇಳಿದ.

"ರೇಟು ಏರಿದಷ್ಟೂ ನಿಮಗೆ ಉಳಿತಾಯ ಜಾಸ್ತಿ ಅಲ್ವಾಣ್ಣ? ಎಂಟು ವರ್ಷ ಅಂದಿದ್ನಲ್ಲ, ಅದು ಬೇಡ. ಐದಕ್ಕೇ ಮುಗೀತದೆ ನಿಮ್ದು."

ಪೆದ್ದಪ್ಪನ ಕೈಯಲ್ಲಿದ್ದ ಮಿಠಾಯಿ ಅಲ್ಲೇ ನಿಂತಿತು. ಗೋಡೆಯ ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು. ಹಸಿರು ಅಂಕಿ ಒಂದು ಮೇಲೇರಿತು. ಅದು ಇಷ್ಟು ದಿನ ಉಳಿತಾಯ ಎಣಿಸುತ್ತಿದೆ ಎಂದು ಅವನು ತಿಳಿದಿದ್ದ.

ಆ ದಿನದಿಂದ ಪೆದ್ದಪ್ಪ ಮನುಷ್ಯನಾಗಿ ಉಳಿಯಲಿಲ್ಲ. ಬೆಳಿಗ್ಗೆ ಎದ್ದರೆ ಮೋಡವಿದೆಯೇ ಎಂದು ನೋಡುವನು. ಪ್ಯಾನಲ್ ತೊಳೆಯುವುದನ್ನು ಬಿಟ್ಟ. ಇಟ್ಟಿಗೆ ಗೂಡಿನ ಧೂಳು ಬಂದು ಕೂರಲಿ ಎಂದು ಗಾಳಿಗೆ ಕೈ ಮುಗಿದ. ಧೂಳು ಬಂದರೂ ಅದರ ಹಿಂದೆಯೇ ಮಳೆಯ ನಾಲ್ಕು ಹನಿ ಬಿದ್ದು ಗಾಜು ಫಳಫಳ ಹೊಳೆಯುತ್ತಿತ್ತು. ಅತ್ತ ಆವಲಮ್ಮನಾದಿಯಾಗಿ ಹೆಂಗಸರೆಲ್ಲ ಧೈರ್ಯ ಮಾಡಿ ಮಧ್ಯಾಹ್ನವೇ ರಾಗಿ ತರತೊಡಗಿದ್ದರು. ಸಾವೇ ಹೆದರುವವನ ಮಿಷನ್ ಮನೆಗೆ ಬೆಟ್ಟದಿಂದ ಇನ್ನಾವುದು ಇಳಿದು ಬರುತ್ತದೆ ಎಂಬ ನಂಬಿಕೆ ಅವರದು. ಬೇರೆ ಊರಿನವರೂ ಬಂದರು. ವ್ಯಾಪಾರ ಹೀಗೆ ಕುದುರಿದ್ದು ಅವನ ಆಯುಷ್ಯದಲ್ಲೇ ಮೊದಲು. ಪ್ರತಿಯೊಂದು ಸೇರು ಹಿಟ್ಟಿಗೂ ಅದೇ ಆಯುಷ್ಯ ಸವೆಯುತ್ತಿತ್ತು. ಮಧ್ಯಾಹ್ನದ ಊಟವನ್ನು ಪೆದ್ದಪ್ಪ ನಿಂತುಕೊಂಡೇ ಮಾಡುತ್ತಿದ್ದ. ಚಾಪೆಗಳನ್ನೆಲ್ಲ ಸುತ್ತಿ ಅಟ್ಟಕ್ಕೆ ಹಾಕಿಸಿದ. ಮುನಿಯಲ್ಲಮ್ಮ ಕಾರಣ ಕೇಳಿದರೆ, ಚಾಪೆಯಲ್ಲಿ ತಿಗಣೆ ಎನ್ನುತ್ತಿದ್ದ.

ಕೊನೆಗೆ ಮಾಲೂರಿನ ಕರೆಂಟ್ ಆಫೀಸಿಗೇ ಹೋದ. ಅಲ್ಲಿ ಗಂಗಾಧರ್ ಎಂಬ ಅಧಿಕಾರಿ ಬೆಳಗಿನಿಂದ ದರ ಏರಿಕೆಯ ಬೈಗುಳ ಕೇಳಿ ಬಾಡಿಹೋಗಿದ್ದರು. ದರ ಇಳಿಸಿ, ಆಗದಿದ್ದರೆ ತನ್ನೊಬ್ಬನಿಗಾದರೂ ಇಳಿಸಿ ಎಂದು ಪೆದ್ದಪ್ಪ ಬೇಡಿದ. ದರ ನಿಗದಿ ಮಾಡುವುದು ತಮ್ಮ ಕೈಯಲ್ಲಿಲ್ಲವೆಂದು ಅವರು ತಲೆ ಎತ್ತದೆ ಹೇಳಿದರು.

"ಸಾರ್, ನೀವು ಏರಿಸಿದಷ್ಟೂ ನನ್ನ ಪ್ರಾಣಕ್ಕೆ ಬರ್ತದೆ."

"ಎಲ್ರೂ ಹಂಗೇ ಅಂತಾರೆ. ಕೂತ್ಕೊಳ್ಳಿ."

ಮಾತಿನ ನಡುವೆ ಮಿಷನ್ನಿಗೆ ಸೋಲಾರ್ ಇದೆ ಎಂದು ತಿಳಿದಾಗ ಗಂಗಾಧರ್ ಅವರ ಮುಖಕ್ಕೆ ಆ ದಿನದ ಮೊದಲ ಕಳೆ ಬಂತು. ತಮ್ಮನ್ನು ಬೈಯದೆ ಹೋಗಬಹುದಾದ ಒಬ್ಬ ಮನುಷ್ಯ ಸಿಕ್ಕಿದ್ದ. ಟೀ ತರಿಸಿದರು. ಮೊಬೈಲಿನಲ್ಲಿ ಒತ್ತಿ ಒತ್ತಿ ಲೆಕ್ಕ ಹಾಕಿದರು. ಅಷ್ಟೊಂದು ಬಿಸಿಲು, ಅಷ್ಟೊಂದು ಬೀಸುವ ಕೆಲಸ, ಮೇಲೆ ಹೊಸ ದರ. "ನಿಮಗ್ಯಾಕ್ರೀ ಚಿಂತೆ? ಹೀಗೇ ಹೋದ್ರೆ ಇನ್ನೆರಡು ವರ್ಷ. ಅಲ್ಲಿಗೆ ನೀವು ಮುಕ್ತ."

ಪೆದ್ದಪ್ಪನಿಗೆ ಆಗ ಅರವತ್ತೇಳು. ಎರಡು ಕೂಡಿದರೆ ಎಷ್ಟು ಎಂಬುದಕ್ಕೆ ಅವನಿಗೆ ಮೊಬೈಲು ಬೇಕಾಗಲಿಲ್ಲ. ಟೀ ಹಾಗೇ ಬಿಟ್ಟು ಎದ್ದು ಬಂದ.

ಮಾವಿನ ಕಾಲ. ಮುನಿಯಲ್ಲಮ್ಮ ಶ್ರೀನಿವಾಸಪುರದ ತಂಗಿಯ ಮನೆಗೆ ಹೋಗಿದ್ದಳು. ಮನೆಯಲ್ಲಿ ಹೇಳುವವರು ಕೇಳುವವರು ಇರಲಿಲ್ಲ. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಪೆದ್ದಪ್ಪ ಬಿಳಿಯ ಪಂಚೆಗಳನ್ನೂ ದುಪ್ಪಟಿಗಳನ್ನೂ ಹೊತ್ತು ತಾರಸಿ ಹತ್ತಿದ. ಪ್ಯಾನಲ್ಲುಗಳ ಸಾಲನ್ನು ಉದ್ದಕ್ಕೂ ಮುಚ್ಚಿ, ಗಾಳಿಗೆ ಹಾರದಂತೆ ಅಂಚಿಗೆ ಕಲ್ಲಿಟ್ಟ. ಕೆಳಗೆ ಪೆಟ್ಟಿಗೆಯ ಗುಂಯ್ ಅಡಗಿತು. ದೈವಭಕ್ತನಾದ ಅವನಿಗೆ ಸೂರ್ಯನಾರಾಯಣನ ಮುಖಕ್ಕೆ ಬಟ್ಟೆ ಮುಚ್ಚಿದ ಹಾಗಾಯಿತಲ್ಲ ಎಂದು ಅಳುಕಾಯಿತು. ತಪ್ಪುಕಾಣಿಕೆಯೆಂದು ಊದುಬತ್ತಿ ಹಚ್ಚಿ, ಒಂದು ಹಿಡಿ ಹೂವು ಎರಚಿ, ತಲೆಯ ಮೇಲೆ ಟವೆಲು ಹಾಕಿಕೊಂಡು ಆ ಬಿಳಿಯ ಸಾಲಿನ ತುದಿಯಲ್ಲಿ ಕಣ್ಣು ಮುಚ್ಚಿ ಕುಳಿತ.

ಪಕ್ಕದ ತಾರಸಿಯಲ್ಲಿ ಹುಣಸೆಹಣ್ಣು ಒಣಹಾಕಲು ಬಂದ ಆವಲಮ್ಮ ಇದನ್ನು ಕಂಡಳು. ಉದ್ದಕ್ಕೆ ಬಿಳಿ ಬಟ್ಟೆ. ಹೂವು. ತಲೆದೆಸೆಯಲ್ಲಿ ಊದುಬತ್ತಿಯ ಹೊಗೆ ನೆಟ್ಟಗೆ ನಿಂತಿದೆ. ಟವೆಲು ಹೊದ್ದ ಗಂಡಸು ಕೂತಿದ್ದಾನೆ. ಪೆದ್ದಪ್ಪ ಸಾಯುವವನಲ್ಲ, ಆದ್ದರಿಂದ ಸತ್ತವಳು ಮುನಿಯಲ್ಲಮ್ಮ. ಅವಳನ್ನು ನಿನ್ನೆಯಿಂದ ಯಾರೂ ಕಂಡಿರಲಿಲ್ಲ. ಹೆಣವನ್ನು ತಾರಸಿಯ ಮೇಲೆ ಯಾಕಿಟ್ಟ ಎಂಬುದೊಂದು ಉಳಿಯಿತು. ಆವಲಮ್ಮ ಅದಕ್ಕೂ ಉತ್ತರ ಕಂಡುಕೊಂಡು ಬಾಯಿ ಬಡಿದುಕೊಳ್ಳುತ್ತಾ ಬೀದಿಗೆ ಇಳಿದಳು.

ಅರ್ಧ ತಾಸಿನಲ್ಲಿ ಮಿಷನ್ ಮನೆಯ ಮುಂದೆ ಊರು ಸೇರಿತು. ಆಂಜಿ ಅಂಗಡಿ ಮುಚ್ಚಿ ಹಾರ ತಂದ. ತಮಟೆಯವರೂ ಬಂದರು. ತಮಟೆಯ ಮೊದಲ ಏಟಿಗೆ ಪೆದ್ದಪ್ಪ ಕಣ್ಣು ಬಿಟ್ಟು ಕೆಳಗೆ ಬಗ್ಗಿ ನೋಡಿದ. ಹೆಂಗಸರು ಮುನಿಯಲ್ಲಮ್ಮನ ಹೆಸರು ಹಿಡಿದು ಅಳುತ್ತಿದ್ದರು. ಶ್ರೀನಿವಾಸಪುರದಿಂದ ಸುದ್ದಿ ಬಂದಿದೆ, ತನಗೆ ಹೇಳಲಾರದೆ ಎಲ್ಲರೂ ಬಂದು ನಿಂತಿದ್ದಾರೆ ಎಂದುಕೊಂಡ. ಏನಾಯಿತೆಂದು ಅವನು ಕೇಳಲಿಲ್ಲ. ಏನಾಯಿತೆಂದು ಅವರೂ ಕೇಳಲಿಲ್ಲ, ಕಣ್ಣಿಗೆ ಕಾಣುತ್ತಿತ್ತಲ್ಲ.

ಆವಲಮ್ಮ ಮಾತ್ರ ಕತ್ತು ಎತ್ತಿ ಕೂಗಿದಳು. "ಲೇ ಪೆದ್ದಪ್ಪಾ, ಗಣಪ ಆಯಸ್ಸನ್ನ ಎಲ್ಲಿಂದ ತಂದ್ಕೊಡ್ತಾನೋ? ನಿನಗೆ ಕೊಟ್ಟ ಎಂಟು ವರ್ಷ ಇವಳದ್ದೇ ಕಣೋ. ಇವಳದ್ದನ್ನೇ ಕಿತ್ತು ನಿನಗೆ ಕೊಟ್ಟ."

ತಮಟೆ ತಾನಾಗಿ ನಿಂತಿತು. ಪೆದ್ದಪ್ಪನಿಗೆ ದೊಡ್ಡಗಂಗಮ್ಮ ಕೇಳಿದ ಕುರ್ಚಿಯ ನೆನಪಾಯಿತು. ಈ ಸಲ ಅವನು ಹಿಂದಕ್ಕೆ ತಿರುಗಿ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಇರಬೇಕಾದವಳೂ ಇರಲಿಲ್ಲ. ಇನ್ನು ಅವನು ಮನೆಯೊಳಗೆ ಹೋದರೆ ಜರಡಿಯ ಸದ್ದು ಇರುವುದಿಲ್ಲ. ದುಡ್ಡು ವಾಪಸು ಬರುವವರೆಗೂ ಇರುವುದಿಲ್ಲ. ಅವನು ಮಾತ್ರ ಇರುತ್ತಾನೆ.

"ಬೇಗ ಮುಗಿಸಪ್ಪಾ" ಎಂದು ಆಕಾಶಕ್ಕೆ ಹೇಳಿ ಪೆದ್ದಪ್ಪ ಬಟ್ಟೆಯ ಅಂಚು ಹಿಡಿದು ಎಳೆದ.

ಹೆಣದ ಮೇಲಿನ ಬಟ್ಟೆ ಎಳೆಯುತ್ತಾನೆಂದು ಹೆಂಗಸರು ಕಿರುಚಿದರು. ಬಟ್ಟೆಯ ಕೆಳಗೆ ಹೆಣವಿರಲಿಲ್ಲ. ಕರಿಯ ಗಾಜಿನಿಂದ ಸೂರ್ಯ ಒಮ್ಮೆಲೇ ಎದ್ದು ಎಲ್ಲರ ಕಣ್ಣಿಗೂ ಬಡಿದ. ಮುಚ್ಚಿದ ಬಾಗಿಲಿನ ಹಿಂದೆ ಪೆಟ್ಟಿಗೆ ಗುಂಯ್ ಎಂದು ಎಚ್ಚೆತ್ತಿತು. ಹೆಣ ಬೆಳಕಾಗಿ ಹೋಯಿತೆಂದು ಯಾರೋ ಅಂದರು. ತಮಟೆಯವನೊಬ್ಬ ತಮಟೆ ಬಿಟ್ಟು ಸ್ಟೇಷನ್ ಕಡೆಗೆ ಓಡಿದ. ಪೆದ್ದಪ್ಪ ಯಾರನ್ನೂ ನೋಡದೆ ಮೆಟ್ಟಿಲಿಳಿದು ಒಳಗೆ ಹೋಗಿ ಮಿಷನ್ನಿನ ಸ್ವಿಚ್ಚು ಹಾಕಿದ. ಒಂದು ಕಾಳೂ ಇಲ್ಲದ ಖಾಲಿ ಮಿಷನ್, ಕಲ್ಲಿಗೆ ಕಲ್ಲು ಉಜ್ಜಿ ಊಳಿಡುತ್ತಾ ಓಡತೊಡಗಿತು. ಪೆದ್ದಪ್ಪ ಅದರ ಪಕ್ಕದಲ್ಲಿ ಕುಳಿತು ಮಗುವಿನ ಹಾಗೆ ಅತ್ತ. ಹಸಿರು ಅಂಕಿ ಏರುತ್ತಲೇ ಇತ್ತು.

"ಖಾಲಿ ಮಿಷನ್ ಯಾಕಯ್ಯ ಓಡಿಸ್ತಾ ಇದೀಯ? ಕಲ್ಲು ಸವೆಯಲ್ವಾ?"

ಬಾಗಿಲಲ್ಲಿ ಮುನಿಯಲ್ಲಮ್ಮ ನಿಂತಿದ್ದಳು. ತಲೆಯ ಮೇಲೆ ಮಾವಿನ ಹಣ್ಣಿನ ಬುಟ್ಟಿ.

ಪೆದ್ದಪ್ಪ ಬಾಯಿ ತೆರೆದ, ಮಾತು ಬರಲಿಲ್ಲ. ಹೊರಗಿದ್ದವರಿಗೆ ಬಂತು. ಕಾಲು ನೋಡಿ, ಕಾಲು ನೋಡಿ ಎಂದು ಒಬ್ಬರಿಗೊಬ್ಬರು ಪಿಸುಗುಟ್ಟಿದರು. ಪಾದಗಳು ಮುಂದಕ್ಕೇ ಇದ್ದವು. ನೆರಳು ನೋಡಿ ಎಂದಳು ಆವಲಮ್ಮ. ನೋಡಿದರೆ ಅಂಗಳದಲ್ಲಿ ಮುನಿಯಲ್ಲಮ್ಮನಿಗೆ ನೆರಳಿರಲಿಲ್ಲ. ಊರೆಲ್ಲ ಒಂದು ಹೆಜ್ಜೆ ಹಿಂದೆ ಸರಿಯಿತು. ಆ ಹೊತ್ತಿನಲ್ಲಿ ಅಲ್ಲಿ ಯಾರಿಗೂ ನೆರಳಿರಲಿಲ್ಲ ಎಂಬುದನ್ನು ಯಾರೂ ಗಮನಿಸಲಿಲ್ಲ. ತನ್ನ ಹೆಸರಿನ ಹಾರವನ್ನು ಆಂಜಿಯ ಕೈಯಲ್ಲಿ ನೋಡಿದ ಮುನಿಯಲ್ಲಮ್ಮ ಎಲ್ಲರನ್ನೂ ಒಂದು ಸುತ್ತು ದಿಟ್ಟಿಸಿ, ಬುಟ್ಟಿ ಇಳಿಸಿ, ಅಂಗಳದ ನಡುವೆ ಕುಕ್ಕರಗಾಲಿನಲ್ಲಿ ಕುಳಿತಳು. ಸೂರ್ಯ ಸ್ವಲ್ಪ ವಾಲಿ, ಅವಳ ಪಕ್ಕದಲ್ಲಿ ಗೇಣುದ್ದ ನೆರಳು ಮೂಡುವವರೆಗೂ ಒಬ್ಬರೂ ಹತ್ತಿರ ಬರಲಿಲ್ಲ. ಬಂದ ಮೇಲೆ ಮಾವಿನ ಹಣ್ಣು ತಿಂದು ಹೋದರು. ತಮಟೆಯವರು ಎರಡೆರಡು ಹೆಚ್ಚಿಗೆ ತೆಗೆದುಕೊಂಡರು.

ಜನ ಕರಗಿದ ಮೇಲೆ ಪೆದ್ದಪ್ಪ ಹರಕೆಯ ವಿಷಯವನ್ನೂ ಐದರ ವಿಷಯವನ್ನೂ ಎರಡರ ವಿಷಯವನ್ನೂ ಹೇಳಿದ. ಊರಿಗೆಲ್ಲ ಹೇಳಿಕೊಂಡು ತಿರುಗಿದವನು ಹೆಂಡತಿಗೆ ನೇರವಾಗಿ ಹೇಳಿದ್ದು ಅದೇ ಮೊದಲು. ಮುನಿಯಲ್ಲಮ್ಮ ಮಾವಿನ ಓಟೆ ಚೀಪುತ್ತಾ ಕೊನೆಯವರೆಗೂ ಕೇಳಿದಳು.

"ಅಷ್ಟು ದೊಡ್ಡ ಗಣಪನ ಮುಂದೆ ನಿಂತ್ಕೊಂಡು ನಿನಗೆ ಕೇಳ್ದೆ. ನನಗೇನು ಕೇಳ್ದೆ?"

ಪೆದ್ದಪ್ಪ ಬುಟ್ಟಿಯಿಂದ ಇನ್ನೊಂದು ಹಣ್ಣು ಆರಿಸಿ ಅವಳ ಮುಂದೆ ಇಟ್ಟ.

ಅವಳು ಕೈ ತೊಳೆದುಕೊಂಡಳು. "ಆ ದುಡ್ಡು ಪೂರ್ತಿ ವಾಪಸ್ ಬಂದ್ರೆ ತಾನೇ ಲೆಕ್ಕ ಮುಗಿಯೋದು? ಮತ್ತೆ ಹಾಕಿದ್ರೆ?"

ಆ ವಾರವೇ ಇಬ್ಬರೂ ಕುರುಡುಮಲೆಗೆ ಹೋಗಿ, ಇನ್ನು ಮುಂದೆ ಹಾಕುವ ಸೋಲಾರನ್ನೂ ಹಳೆಯ ಲೆಕ್ಕಕ್ಕೇ ಸೇರಿಸಬೇಕೆಂದೂ, ಲೆಕ್ಕ ಇಬ್ಬರ ಹೆಸರಿನಲ್ಲಿರಬೇಕೆಂದೂ ಅರಿಕೆ ಮಾಡಿಕೊಂಡು ಬಂದರು. ಆಮೇಲೆ ಕದಿರೇಶನನ್ನು ಕರೆಸಿದರು. ಅವನು ಸಂತೋಷದಿಂದ ಟೇಪು ಹಿಡಿದು ಮನೆಯ ಮಾಳಿಗೆಯ ದಕ್ಷಿಣ ಭಾಗವನ್ನು ಅಳೆದು, ಇಲ್ಲಿ ಹಾಕಿದರೆ ನಾಲ್ಕು ವರ್ಷಕ್ಕೇ ದುಡ್ಡು ವಾಪಸು ಎಂದ. ಗಂಡಹೆಂಡತಿ ಇಬ್ಬರೂ ಒಟ್ಟಿಗೆ ಬೇಡವೆಂದರು. ಮುನಿಯಲ್ಲಮ್ಮ ಅವನನ್ನು ಹಿತ್ತಿಲಿನ ದನದ ಕೊಟ್ಟಿಗೆಯ ಹತ್ತಿರ ಕರೆದುಕೊಂಡು ಹೋಗಿ ಅದರ ಸೂರು ತೋರಿಸಿದಳು.

"ಅಯ್ಯೋ ಇಲ್ಲಿ ಬೇಡಮ್ಮ" ಎಂದ ಕದಿರೇಶ್. "ಮರದ ನೆರಳು. ಇಲ್ಲಿ ಹಾಕಿದ್ರೆ ನಲವತ್ತು ವರ್ಷ ಆದ್ರೂ ದುಡ್ಡು ವಾಪಸ್ ಬರಲ್ಲ."

"ನಲವತ್ತು ಗ್ಯಾರಂಟೀನಾ?" ಎಂದ ಪೆದ್ದಪ್ಪ.

ಸೋಲಾರ್ ಕೆಲಸಕ್ಕೆ ಬಂದಂದಿನಿಂದ ಕದಿರೇಶನಿಗೆ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಅವನು ಮುದುಕ ಮುದುಕಿಯ ಮುಖ ನೋಡಿದ. ಇಬ್ಬರೂ ತಮಾಷೆ ಮಾಡುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತು, ಬೆಟ್ಟದ ಕಡೆಯಿಂದ ಒಂದು ಎಲೆಯನ್ನೂ ಅಲ್ಲಾಡಿಸದಂಥ ಗಾಳಿ ಬಂದು ಅವನ ಕತ್ತಿಗೆ ಸೋಕಿ ಹೋಯಿತು. ಅವರಿಗೆ ಸಮಾಧಾನವಾಗಲಿ ಎಂದು ಅವನು ಬೇಗಬೇಗ ಹೇಳಿದ, ಕರೆಂಟ್ ದರ ಹೇಗೂ ಏರುತ್ತಲೇ ಇರುತ್ತದೆ, ಹಾಗೆ ಏರಿದರೆ ನಲವತ್ತು ಹೋಗಿ ಮೂವತ್ತಾದರೂ ಆದೀತು ಎಂದು.

ಮುನಿಯಲ್ಲಮ್ಮ ಕೊಟ್ಟಿಗೆಯ ಪಕ್ಕದ ಖಾಲಿ ಜಾಗವನ್ನು ಕಣ್ಣಿನಲ್ಲೇ ಅಳೆದಳು.

"ಏರಿಸ್ಲಿ ಬಿಡಪ್ಪ. ಈ ಕಡೆಗೆ ಇನ್ನೊಂದು ಮರ ನೆಡ್ತೀನಿ."